ಗೂಡು ಅಲ್ಲಾಡಿಸಿದರೆ ಗುಟ್ಟು ಗೊತ್ತಾಗುತ್ತದೆ!

ಕಳೆದ ರಜೆಯಲ್ಲಿ ಮೊಮ್ಮಗಳನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಎಲ್ಲಿ ನೋಡಿದರೂ ಬಿಳಿ, ಹಳದಿ ಗೂಡುಗಳ ರಾಶಿ. ನೂಲು ತೆಗೆಯುವ ರೀಲರ್ ಒಬ್ಬರು ಒಂದು ಗೂಡನ್ನು ಬೆರಳಿನಿಂದ ಒತ್ತಿದರು. ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

“ತಾತ, ಅವರಿಗೆ ಏನು ಕೇಳಿಸಿತು?”

ಮಕ್ಕಳೇ, ಗೂಡು ಕಟ್ಟಿದ ಹುಳು ಒಳಗೆ ಪ್ಯೂಪಾ ಆಗುತ್ತದೆ. ಅದು ಗಟ್ಟಿಯಾಗಿದ್ದರೆ ಅಲ್ಲಾಡಿಸಿದಾಗ ಸದ್ದು ಬರುತ್ತದೆ. ಸತ್ತು ಕೊಳೆತು ಅಂಟಿಕೊಂಡಿದ್ದರೆ ಸದ್ದಿಲ್ಲ; ಅಂಥ ಗೂಡಿನಿಂದ ಒಳ್ಳೆಯ ನೂಲು ಬರುವುದಿಲ್ಲ. ಒತ್ತಿದಾಗ ಮೆತ್ತಗಿದ್ದರೆ ನೂಲು ಕಡಿಮೆ. ಹೊರನೋಟಕ್ಕೆ ಎರಡೂ ಒಂದೇ ತರಹ ಕಾಣಬಹುದು. ಅಂದಾಜು ತಪ್ಪಿದರೆ ಹಾಕಿದ ದುಡ್ಡಿಗೇ ಪೆಟ್ಟು!

ಕನಕಪುರ, ಮಾಗಡಿ ಕಡೆ ಹುಳು ಸಾಕುವ ಮನೆಗಳಲ್ಲೂ ಹೀಗೆಯೇ. ಹುಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಕೂತರೆ ‘ಜ್ವರ’ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಕಾಲ. 4 ಸಲ ಹೀಗಾಗುತ್ತದೆ. ಆಗ ಸೊಪ್ಪು ಹಾಕಬಾರದು. ಕೊನೆಯ ಹಂತದಲ್ಲಿ ಅವು ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಕೇಳಿಸುತ್ತದೆ. ಮೈ ಹೊಳಪಾಗಿ, ಬೆಳಕು ಹಾಯುವಂತೆ ಕಂಡರೆ ‘ಹುಳು ಹಣ್ಣಾಯಿತು’ ಎಂದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳೂ ಅಷ್ಟೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಎಷ್ಟು ಒತ್ತಬೇಕೆಂಬುದು ಕೈಗೇ ಗೊತ್ತು.

ನನಗೂ ಈ ಪಾಠ ಆಗಿದೆ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿಗೆ ಕೂತ ಹೊಸದರಲ್ಲಿ ಒಂದು ಖೋಟಾ ನೋಟು ನನ್ನ ಕಣ್ತಪ್ಪಿಸಿತು. ಆ 100 ರೂಪಾಯಿ ನನ್ನ ಸಂಬಳದಿಂದಲೇ ಹೋಯಿತು. ಹಿರಿಯ ಕ್ಯಾಷಿಯರ್ ಒಬ್ಬರು ಒಳ್ಳೆಯ ನೋಟು, ಖೋಟಾ ನೋಟು ಎರಡನ್ನೂ ಮುಂದಿಟ್ಟು, “ಕಣ್ಣು ಮುಚ್ಚಿಕೊಂಡು ಸವರಿ ನೋಡಪ್ಪ” ಎಂದರು. ಒಳ್ಳೆಯ ನೋಟಿನಲ್ಲಿ ಅಚ್ಚು ಬೆರಳಿಗೆ ತಟ್ಟುತ್ತಿತ್ತು. ಇನ್ನೊಂದು ನುಣ್ಣಗಿತ್ತು. ಅದುವರೆಗೂ ಸಾವಿರಾರು ನೋಟು ಮುಟ್ಟಿದ್ದೆ; ಗಮನಿಸಿರಲಿಲ್ಲ.

ಕಣ್ಣು, ಕಿವಿ, ಚರ್ಮ, ಮೂಗು, ನಾಲಿಗೆ ಎಲ್ಲರಿಗೂ ಇವೆ. ಅಂದಾಜು ಮಾಡಿ, ಸರಿಯೋ ತಪ್ಪೋ ಎಂದು ಪರೀಕ್ಷಿಸಿದಾಗಲೇ ಅವು ನಮಗೆ ಪಾಠ ಹೇಳುವುದು. ರೀಲರಿಗೆ ಉತ್ತರ ಸಿಗುವುದು ಬಿಸಿನೀರಿನಲ್ಲಿ ನೂಲು ಬಿಚ್ಚುವಾಗ.

ನೀವೂ ಪರೀಕ್ಷಿಸಿ. ಮುಂದಿನ ಸಲ ತೆಂಗಿನಕಾಯಿ ಒಡೆಯುವ ಮುಂಚೆ ಅಲ್ಲಾಡಿಸಿ, ನೀರು ಎಷ್ಟಿದೆ ಎಂದು ಹೇಳಿ. ಆಮೇಲೆ ಅಜ್ಜಿಯನ್ನೂ ಕೇಳಿ. ಒಡೆದ ಮೇಲೆ ಯಾರ ಮಾತು ನಿಜವಾಯಿತು ನೋಡಿ. ನಮ್ಮ ಮನೆಯಲ್ಲಿ ಇದುವರೆಗೆ ಗೆದ್ದಿರುವುದು ಅಜ್ಜಿಯೇ!