ಲಲಿತಾಜಿಯ ನಂತರ ಬಂದ ವೀಲ್

ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಡಿಬಾರ್. ಮಾರುಕಟ್ಟೆಯಲ್ಲಿ ಕಾಪಿ ಹೊಡೆದವರಿಗೆ ಕೆಲವೊಮ್ಮೆ ಮೊದಲ ರ‍್ಯಾಂಕೇ ಸಿಗುತ್ತದೆ. ಹಿಂದೂಸ್ತಾನ್ ಲಿವರ್ ಕಂಪನಿಗೆ ಈ ಪಾಠ ಕಲಿಸಿದ್ದು ಬಟ್ಟೆ ಒಗೆಯುವ ಒಂದು ಹಳದಿ ಪುಡಿ.

1969ರಲ್ಲಿ ಕರ್ಸನ್‌ಭಾಯ್ ಪಟೇಲ್ ಗುಜರಾತ್ ಸರ್ಕಾರದ ಪ್ರಯೋಗಾಲಯವೊಂದರ ನೌಕರ. ಅಹಮದಾಬಾದಿನ ಮನೆಯ ಹಿತ್ತಲಲ್ಲಿ ಕೈಯಿಂದಲೇ ಪುಡಿ ಬೆರೆಸಿ, ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಮಾರುತ್ತಿದ್ದರು. ಮಗಳು ನಿರುಪಮಾಳ ಹೆಸರಿನಿಂದ ಅದು ‘ನಿರ್ಮಾ’ ಆಯಿತು. ನೋಡಿದರೆ ಮೊದಲ ನಕಲುಗಾರ ಪಟೇಲರೇ. ಡಿಟರ್ಜೆಂಟ್ ಪುಡಿ ಎಂದರೇನೆಂದು 1959ರಿಂದ ದೇಶಕ್ಕೆ ಪರಿಚಯಿಸಿದ್ದು ಲಿವರ್‌ನ ಸರ್ಫ್. ಪಟೇಲರು ಆ ವಿಚಾರವನ್ನು ಎತ್ತಿಕೊಂಡು ಬೆಲೆಯನ್ನು ಅಲ್ಲಿಯೇ ಬಿಟ್ಟರು. ಸರ್ಫ್ ಕಿಲೋಗೆ ಹದಿಮೂರು ರೂಪಾಯಿಯ ಆಸುಪಾಸಿನಲ್ಲಿದ್ದಾಗ ನಿರ್ಮಾ ಮೂರು ಚಿಲ್ಲರೆ ರೂಪಾಯಿಗೆ ಸಿಗುತ್ತಿತ್ತು.

ಬಾರ್ ಸೋಪು ತಿಕ್ಕುತ್ತಿದ್ದ ಮನೆಗಳು ಪುಡಿಗೆ ಬದಲಾದವು. ಲಿವರ್ ಮೊದಮೊದಲು ಇದನ್ನು ಲೆಕ್ಕಕ್ಕೇ ಇಡಲಿಲ್ಲ. ಆಮೇಲೆ ಜಾಹೀರಾತು ತಜ್ಞ ಅಲೀಕ್ ಪದಮ್‌ಸೀ ಅವರ ಲಲಿತಾಜಿ ಟಿ.ವಿ. ಪರದೆಗೆ ಬಂದರು. ತರಕಾರಿಗೂ ಚೌಕಾಸಿ ಮಾಡುವ ಆ ಗೃಹಿಣಿ, ಸರ್ಫ್ ಕೊಳ್ಳುವುದೇ ಜಾಣತನವೆಂದು ವಾದಿಸಿದರು. ಜಾಹೀರಾತು ಜನರ ಬಾಯಲ್ಲಿ ಉಳಿಯಿತು, ಸರ್ಫ್‌ನ ಮಾನವೂ ಉಳಿಯಿತು. ಆದರೆ ಅಗ್ಗದ ಪುಡಿ ಬೇಕಾದವರು ನಿರ್ಮಾ ಬಿಟ್ಟು ಬರಲಿಲ್ಲ.

ಕೊನೆಗೆ ಲಿವರ್ ನಾಚಿಕೆ ಬಿಟ್ಟಿತು. 1980ರ ದಶಕದ ಕೊನೆಗೆ ‘ವೀಲ್’ ಬಂತು. ಅಗ್ಗದ ಪುಡಿ ಬೆರೆಸುವುದು ದೊಡ್ಡ ಕಂಪನಿಗೆ ಕಷ್ಟವೇ ಅಲ್ಲ. ಅದನ್ನು ಅಗ್ಗವಾಗಿ ಮಾಡಿ, ಅಗ್ಗವಾಗಿ ಸಾಗಿಸಿ, ಮೇಲೆ ಲಾಭವನ್ನೂ ಕಾಣುವುದು ಕಷ್ಟ. ಅದಕ್ಕಾಗಿ ಲಿವರ್ ಪಟೇಲರ ಪುಡಿಗಿಂತ ಹೆಚ್ಚಾಗಿ ಅವರ ವ್ಯಾಪಾರದ ರೀತಿಯನ್ನೇ ನಕಲು ಮಾಡಿತು: ತಯಾರಿಕೆಯನ್ನು ಹಲವು ಕಡೆ ಹಂಚಿತು, ಸಣ್ಣ ಅಂಗಡಿಗಳನ್ನು ಹಿಡಿಯಿತು, ಖರ್ಚಿನ ಲೆಕ್ಕವನ್ನೇ ಹೊಸದಾಗಿ ಬರೆಯಿತು. ನದಿ, ಕೊಳಗಳಲ್ಲಿ ಬಟ್ಟೆ ಒಗೆಯುವವರನ್ನು ನೆನೆದು ಪುಡಿಯಲ್ಲಿ ಎಣ್ಣೆಯ ಅಂಶವನ್ನು ಇಳಿಸಿದ್ದು ಮಾತ್ರ ಅದರದೇ ಸೇರ್ಪಡೆ. ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ಬಡವರ ಮಾರುಕಟ್ಟೆಯ ಬಗ್ಗೆ ಬರೆಯುವಾಗ ಈ ಪ್ರಸಂಗವನ್ನೇ ಎತ್ತಿಕೊಂಡರು.

ಲಿವರ್ ಮೊದಲು ಸೋತದ್ದು ನಕಲು ಮಾಡಿದ್ದರಿಂದಲ್ಲ, ತಡಮಾಡಿದ್ದರಿಂದ. ಹಿತ್ತಲಿನ ಪುಡಿಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಅದಕ್ಕೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಗೆದ್ದವರಿಗೆ ಕಿರಿಯರಿಂದ ಕಲಿಯುವುದು ಅಷ್ಟು ಸುಲಭವಲ್ಲ. ಕಲಿತ ಮೇಲೆ ಮಾತ್ರ ಮರೆಯಲಿಲ್ಲ: ಮಾತೃಸಂಸ್ಥೆ ಯೂನಿಲಿವರ್ ಅದೇ ಪಾಠವನ್ನು ಬ್ರೆಜಿಲ್‌ಗೆ ಒಯ್ದು, 1990ರ ದಶಕದಲ್ಲಿ ಅಲ್ಲಿನ ಬಡವರಿಗಾಗಿ ‘ಆಲಾ’ ಪುಡಿಯನ್ನು ಇಳಿಸಿತು.

ಮಾರಾಟದಲ್ಲಿ ನಿರ್ಮಾವನ್ನು ಹಿಂದಿಕ್ಕಿದ ವೀಲ್‌ಗೂ ನೆಮ್ಮದಿಯಾಗಿ ಕೂರಲಾಗಲಿಲ್ಲ. ಕಾನ್ಪುರದ ‘ಘಡಿ’ ಅದೇ ಅಗ್ಗದ ದಾರಿ ಹಿಡಿದು ಬಂದು, 2012ರ ಹೊತ್ತಿಗೆ ವೀಲ್ ಅನ್ನೂ ದಾಟಿತು.