ಬಿಚ್ಚಿಟ್ಟ ಟಯರಿನ ಒಳಗೋಡೆ

ಕೊಟ್ಟಾರ ಚೌಕಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟರೆ ಕೂಳೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆ ಸಿಗುತ್ತದೆ. ಅದರಾಚೆ ಪಣಂಬೂರು, ಬೈಕಂಪಾಡಿ. ಬಂದರಿಗೆ ಹೋಗಿಬರುವ ಲಾರಿ, ಟ್ಯಾಂಕರುಗಳ ದಾರಿಯಾದ್ದರಿಂದ ಪಂಕ್ಚರ್ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಹಳೆಯ ಟಯರುಗಳನ್ನು ಆಳೆತ್ತರ ಅಟ್ಟಿ ಹಾಕಿದ್ದ ಶೆಡ್ಡೊಂದರ ಎದುರು ನಿಂತೆ. ಮಳೆಗಾಲ ಹತ್ತಿರವಾದಾಗ ಹೊಸ ಟಯರಿಗೆ ದುಡ್ಡು ಹೊಂದಿಸಲಾಗದವರು ಬರುವುದು ಇಂಥಲ್ಲಿಗೇ.

"ಗ್ರಿಪ್ ನೋಡಿ ಮಾರಾಯ್ರೇ, ಎಷ್ಟು ಉಂಟು!" ಎನ್ನುತ್ತಾ ಅಂಗಡಿಯವರು ಸಣ್ಣ ಕಾರಿನ 145/80 ಆರ್12 ಟಯರೊಂದನ್ನು ಉರುಳಿಸಿಕೊಂಡು ಬಂದರು. ಹೊರಮೈಗೆ ಕಪ್ಪು ಪಾಲಿಶ್ ಹಚ್ಚಿದ್ದರಿಂದ ಅದು ಹೊಸದರಂತೆ ಮಿಂಚುತ್ತಿತ್ತು.

ಗ್ರಿಪ್ ಎಷ್ಟಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮ ಹೇಳುತ್ತದೆ: ಕಾರು, ಲಾರಿಗಳಿಗೆ ಕನಿಷ್ಠ 1.6 ಮಿಲಿಮೀಟರ್, ಬೈಕು, ಆಟೋಗಳಿಗೆ 0.8. ಟಯರಿನ ಹೆಗಲಿನಲ್ಲಿ ಪುಟ್ಟ ತ್ರಿಕೋನವನ್ನೋ ‘ಟಿಡಬ್ಲ್ಯುಐ’ ಅಕ್ಷರಗಳನ್ನೋ ಹುಡುಕಿ. ಅದರ ನೇರಕ್ಕೆ ಸಂದಿನ ತಳದಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಟಯರು ಸವೆದು ಆ ದಿಬ್ಬಕ್ಕೆ ಸಮವಾದರೆ ಅದರ ಕಥೆ ಮುಗಿಯಿತು. ಒಳಗಿನ ನೂಲು ಹೊರಗೆ ಕಂಡರೂ, ಎಲ್ಲಾದರೂ ಊದಿಕೊಂಡಿದ್ದರೂ ಕಾನೂನಿನ ಪ್ರಕಾರ ಅದು ರಸ್ತೆಗೆ ಇಳಿಯುವಂತಿಲ್ಲ.

ಆದರೆ ಆ ದಿಬ್ಬವೂ ಸುಳ್ಳು ಹೇಳಬಹುದು. ಬೋಳಾದ ಟಯರಿಗೆ ಬಿಸಿ ಬ್ಲೇಡಿನಿಂದ ಮತ್ತೆ ಗ್ರಿಪ್ ಕೊರೆದು ಮಾರುವ ಕೆಟ್ಟ ಕಸುಬೊಂದು ಉಂಟು. ಕೆಲವು ಲಾರಿ ಟಯರುಗಳಲ್ಲಿ ಮರುಕೊರೆತಕ್ಕೆಂದೇ ಕಂಪನಿಯವರು ದಪ್ಪ ರಬ್ಬರು ಬಿಟ್ಟು, ಹಾಗೆಂದು ಅಚ್ಚೂ ಹಾಕಿರುತ್ತಾರೆ. ಕಾರಿನ ಟಯರಿನಲ್ಲಿ ಆ ದಪ್ಪವಿಲ್ಲ. ಕೊರೆದರೆ ಬ್ಲೇಡು ತಂತಿಯ ಹತ್ತಿರಕ್ಕೇ ಹೋಗುತ್ತದೆ. ಸಂದು ಆಳವಾಗಿದ್ದೂ ದಿಬ್ಬ ತುಂಡಾಗಿದ್ದರೆ, ಅಂಚು ಅಂಕುಡೊಂಕಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ನಾನು ಹೇಳಬೇಕಾದ ಮುಖ್ಯ ಮಾತು ಬೇರೆ. ರಸ್ತೆಯಲ್ಲಿ ಗಾಡಿ ತಡೆದು ನೋಡುವ ಪೊಲೀಸರಿಗಾಗಲಿ, ಎಫ್‌ಸಿ ಮಾಡುವ ಇನ್‌ಸ್ಪೆಕ್ಟರಿಗಾಗಲಿ ಟಯರಿನ ಒಳಮೈ ಕಾಣುವುದಿಲ್ಲ. ಇಲ್ಲಿ ಅದು ರಿಮ್ಮಿನಿಂದ ಬಿಚ್ಚಿಕೊಂಡು ನಿಮ್ಮ ಕೈಯಲ್ಲೇ ಇದೆ. ಬಿಸಿಲಿಗೆ ಹಿಡಿದು, ಒಳಗೋಡೆಯ ಮೇಲೆ ಬೆರಳಾಡಿಸಿ ನೋಡಿ. ಗಾಳಿ ಇಳಿದ ಮೇಲೂ ಓಡಿಸಿದ ಟಯರಾದರೆ ಪಕ್ಕದ ಗೋಡೆ ಮಡಚಿ ಮಡಚಿ ಒಳಗಿನ ರಬ್ಬರು ಉಜ್ಜಿಹೋಗಿರುತ್ತದೆ. ಸುತ್ತಲೂ ಬಳೆಯಂಥ ಸುಕ್ಕು ಬಿದ್ದಿರುತ್ತದೆ, ಬೆರಳಿಗೆ ಕಪ್ಪು ಪುಡಿ ಹತ್ತುತ್ತದೆ. ಪಾಲಿಶ್ ಮಾಡಿದ ಆ ಟಯರಿನ ಒಳಗೆ ಕೈಯಾಡಿಸಿದಾಗ ನನ್ನ ಬೆರಳಿಗೂ ಪುಡಿ ಹತ್ತಿತು. ಗ್ರಿಪ್ ಅಳೆದರೆ ಪಾಸಾಗುವ ಟಯರದು. ಹೆದ್ದಾರಿಯ ವೇಗದಲ್ಲಿ ಒಡೆಯುವುದೂ ಅಂಥದ್ದೇ. ಬೆರಳು ತೋರಿಸಿದೆ. ಅಂಗಡಿಯವರು ಅದನ್ನು ಬದಿಗೆ ಎಸೆದು, "ಇದು ಬೇಡ, ಬೇರೆ ತೋರಿಸ್ತೇನೆ" ಎಂದರು.

ಪಕ್ಕದ ಗೋಡೆಯಲ್ಲಿ ಪ್ಯಾಚ್ ಕಂಡರೆ ಚೌಕಾಸಿಗೂ ಇಳಿಯಬೇಡಿ. ಹೊರಮೈಯಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ, ವರ್ಷ: 2319 ಎಂದರೆ 2019ರ 23ನೇ ವಾರ. 94ನೇ ನಿಯಮ ವಯಸ್ಸು ಕೇಳುವುದಿಲ್ಲ, ನೀವು ಕೇಳಿ. ಸಂದಿನ ತಳದಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ರಬ್ಬರು ಒಣಗಿದೆ ಎಂದೇ ಅರ್ಥ.

ಅಷ್ಟರಲ್ಲಿ ಆಟೋ ಚಾಲಕರೊಬ್ಬರು ಬಂದು ಹಿಂದಿನ ಚಕ್ರಗಳಿಗೆಂದು 4.00-8 ಅಳತೆಯ ಎರಡು ಟಯರು ಆರಿಸಿದರು. "ಮಳೆಗಾಲ ದಾಟ್ಲಿಕ್ಕೆ ಸಾಕಾ ಅಣ್ಣ?" ಎಂದು ಅಂಗಡಿಯವರನ್ನು ಕೇಳಿದರು. ಗ್ರಿಪ್ 0.8ಕ್ಕಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೇ. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವ ಕಾಂಕ್ರೀಟು ರಸ್ತೆಯಲ್ಲಿ ಜುಲೈ ಮಳೆಯ ನೀರು ಹರಿಯುವಾಗ, ಮೂವರು ಪ್ರಯಾಣಿಕರನ್ನು ಕೂರಿಸಿಕೊಂಡು ಬ್ರೇಕ್ ಹಾಕಲು ಅಷ್ಟು ಸಾಲದು. ಟಯರಿನಡಿಯ ನೀರು ಹೊರಗೆ ಹೋಗಲು ಸಂದು ಬೇಕು. ಇಲ್ಲವಾದರೆ ಚಕ್ರ ನೀರಿನ ಮೇಲೆಯೇ ಜಾರುತ್ತದೆ. ಕಾನೂನು ಒಪ್ಪಿದರೂ ಈ ಊರಿನ ಮಳೆ ಒಪ್ಪುವುದಿಲ್ಲವೆಂದು ಅವರಿಗೆ ಹೇಳಿದೆ. ಅವರು ಹೆಚ್ಚು ಗ್ರಿಪ್ ಇದ್ದ ಜೋಡಿಯನ್ನೇ ತೆಗೆದುಕೊಂಡರು.

ಬಿಚ್ಚಿಟ್ಟ ಟಯರಿನಲ್ಲಿ ಕಾಣದ್ದು ಒಂದೇ, ಗುಳ್ಳೆ. ಗುಂಡಿಗೆ ಬಡಿದು ಒಳಗಿನ ನೂಲು ತುಂಡಾಗಿದ್ದರೂ ಗಾಳಿ ತುಂಬುವವರೆಗೆ ಪಕ್ಕದ ಗೋಡೆ ಊದುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ರಿಮ್ಮಿಗೆ ಹಾಕಿಸಿ, ಪೂರ್ತಿ ಗಾಳಿ ತುಂಬಿಸಿ, ತಿರುಗಿಸಿ ನೋಡಬೇಕು. ಆ ಚಾಲಕರೂ ಹಾಗೇ ನೋಡಿದರು. ಒಂದರಲ್ಲಿ ಗುಳ್ಳೆ ಎದ್ದಿತ್ತು. ಅಂಗಡಿಯವರು ಅದನ್ನು ಬಿಚ್ಚಿ ಬೇರೆಯದನ್ನು ಹಾಕಿಕೊಟ್ಟರು.