ಬಿಲ್ಲು ಒಂದ್ಕಡೆ, ಸ್ಟಾಕ್ ಇನ್ನೊಂದ್ಕಡೆ: ಅಂಗಡಿ ಫೈಲ್‌ಗಳಿಗೆ ಒಂದೇ ಜಾಗ ಯಾಕೆ ಬೇಕು?

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದ ತಿಂಗಳು ಹೋಗಿದ್ದೆ. ಆಡಿಟರ್ ಎರಡು ವರ್ಷದ ಹಿಂದಿನ ಖರೀದಿ ಬಿಲ್ ಕೇಳಿದ್ರಂತೆ. ಮಾಲೀಕರು ಕೌಂಟರ್ ಕಂಪ್ಯೂಟರ್‌ನಲ್ಲಿ ಹುಡುಕಿದ್ರು, ಸಿಗಲಿಲ್ಲ. ಒಳಗಿನ ಕಂಪ್ಯೂಟರ್‌ನಲ್ಲಿ ‘ಪರ್ಚೇಸ್ ಫೈನಲ್’, ‘ಪರ್ಚೇಸ್ ಫೈನಲ್ 2’, ‘ಪರ್ಚೇಸ್ ನ್ಯೂ’ ಅಂತ ಮೂರು ಎಕ್ಸೆಲ್ ಫೈಲ್ ಇದ್ವು. ಮೂರರಲ್ಲೂ ಮೊತ್ತ ಬೇರೆ ಬೇರೆ. ಬಿಲ್ ಸ್ಕ್ಯಾನ್ ಮಾಡಿಟ್ಟಿದ್ದ ಪೆನ್‌ಡ್ರೈವ್ ಕೆಲಸ ಬಿಟ್ಟು ಹೋದ ಹುಡುಗನ ಹತ್ರ ಉಳಿದಿತ್ತು.

ಇದು ಬರೀ ತಲೆನೋವಿನ ವಿಷಯ ಅಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು, ಅಂದ್ರೆ ಆರು ವರ್ಷ ಇಟ್ಟುಕೊಳ್ಳಬೇಕು. ಖರೀದಿ ಬಿಲ್ ಕೈಯಲ್ಲಿಲ್ಲದಿದ್ರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೂ ಕುತ್ತು.

ಹಾಗಾದ್ರೆ ಏನು ಮಾಡೋದು? ಅಂಗಡಿಯಲ್ಲಿ ಒಂದು ಸರ್ವರ್ ಇಟ್ಟು, ಎಲ್ಲ ಫೈಲನ್ನೂ ಅಲ್ಲೇ ಇಡೋದು. ಸರ್ವರ್ ಅಂದ್ರೆ ದೊಡ್ಡ ಯಂತ್ರ ಅಂದ್ಕೋಬೇಡಿ. ಗಟ್ಟಿಮುಟ್ಟಾದ ಹಳೇ ಕಂಪ್ಯೂಟರ್‌ಗೆ 8 ಜಿಬಿ ರ‍್ಯಾಮ್, ಎರಡು ಹೊಸ ಹಾರ್ಡ್‌ಡಿಸ್ಕ್ ಹಾಕಿದ್ರೂ ಶುರು ಮಾಡಬಹುದು. ಟ್ರೂನ್ಯಾಸ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಅದರೊಳಗೆ ಕೆಲಸ ಮಾಡೋದು ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಮಾಡಿದ್ದು, 2005ರಲ್ಲಿ ಹೊರಗೆ ಬಂತು.

ಇದರ ವಿಶೇಷ ಗೋಡೌನ್ ಲೆಕ್ಕದಲ್ಲಿ ಹೇಳ್ತೀನಿ. ಮಾಮೂಲಿ ಕಂಪ್ಯೂಟರ್‌ನಲ್ಲಿ ಸಿ, ಡಿ, ಇ ಅಂತ ಗೋಡೆ ಕಟ್ಟಿದ ರೂಮುಗಳು. ಡಿ ತುಂಬಿ ತುಳುಕ್ತಾ ಇರುತ್ತೆ, ಇ ಖಾಲಿ ಬಿದ್ದಿರುತ್ತೆ. ಝಡ್‌ಎಫ್‌ಎಸ್‌ನಲ್ಲಿ ಡಿಸ್ಕ್‌ಗಳೆಲ್ಲ ಸೇರಿ ಒಂದೇ ಗೋಡೌನ್. ಬಿಲ್ಲಿಂಗ್, ಸ್ಟಾಕ್, ಸ್ಕ್ಯಾನ್ ಅಂತ ವಿಭಾಗ ಮಾಡಿದ್ರೂ ಜಾಗ ಎಲ್ಲರಿಗೂ ಒಂದೇ ಕಡೆಯಿಂದ ಸಿಗುತ್ತೆ. ಯಾರು ಯಾವುದನ್ನು ನೋಡಬಹುದು ಅಂತಲೂ ಕಟ್ಟುನಿಟ್ಟು ಮಾಡಬಹುದು. ಕೌಂಟರ್ ಹುಡುಗನಿಗೆ ಸಂಬಳದ ಫೈಲ್ ಯಾಕೆ ಬೇಕು ಹೇಳಿ?

ಒಬ್ಬರು ಎಕ್ಸೆಲ್ ತೆರೆದಿದ್ದಾಗ ಇನ್ನೊಬ್ಬರು ಅದನ್ನೇ ತೆರೆದ್ರೆ ‘ಬೇರೆಯವರು ಬಳಸ್ತಿದ್ದಾರೆ’ ಅಂತ ಎಚ್ಚರಿಕೆ ಬರುತ್ತೆ. ‘ಫೈನಲ್ 2’ ಹುಟ್ಟೋದು ಅಲ್ಲಿಗೇ ಬಹುಮಟ್ಟಿಗೆ ನಿಲ್ಲುತ್ತೆ.

ಎರಡು ಡಿಸ್ಕನ್ನು ಜೋಡಿ ಮಾಡಿದ್ರೆ ಎರಡರಲ್ಲೂ ಅದೇ ಮಾಹಿತಿ ಇರುತ್ತೆ, ಒಂದು ಕೆಟ್ರೂ ಅಂಗಡಿ ನಡೆಯುತ್ತೆ. ಓದುವಾಗ ಪ್ರತಿ ತುಣುಕನ್ನೂ ತಾಳೆ ನೋಡುತ್ತೆ, ಒಂದು ಡಿಸ್ಕ್‌ನಲ್ಲಿ ಹಾಳಾಗಿದ್ರೆ ಇನ್ನೊಂದರಿಂದ ತಂದು ಸರಿ ಮಾಡುತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸ್ನ್ಯಾಪ್‌ಶಾಟ್. ಗಂಟೆಗೊಮ್ಮೆ ಫೋಟೋ ಹೊಡೆದಂಗೆ ಆ ಕ್ಷಣದ ಸ್ಥಿತಿ ಉಳಿಸಿಡುತ್ತೆ. ಬದಲಾದ ಭಾಗಕ್ಕೆ ಮಾತ್ರ ಜಾಗ ಬೇಕಾಗೋದ್ರಿಂದ ಡಿಸ್ಕ್ ಬೇಗ ತುಂಬಲ್ಲ. ಬೆಳಗ್ಗೆ 11ಕ್ಕೆ ಯಾರೋ ಸ್ಟಾಕ್ ಫೈಲ್ ಡಿಲೀಟ್ ಮಾಡಿದ್ರೆ 10ರ ಫೈಲ್ ವಾಪಸ್ ತರಬಹುದು. ಕೌಂಟರ್ ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಬಡಿದು ಫೈಲೆಲ್ಲ ಲಾಕ್ ಆದ್ರೂ ಇದೇ ದಾರಿ. ಆದ್ರೆ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಆ ಕೌಂಟರ್ ಮೇಲೇ ಚೀಟಿ ಅಂಟಿಸಿಟ್ಟಿರಬಾರದು, ಅಷ್ಟೇ.

ಎಲ್ಲಾ ಒಂದೇ ಕಡೆ ಇಟ್ರೆ ಎಲ್ಲಾ ಒಟ್ಟಿಗೇ ಹೋಗಲ್ವಾ ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಬೆಂಕಿ, ಕಳ್ಳತನ ಆದ್ರೆ ಜೋಡಿ ಡಿಸ್ಕ್ ಎರಡೂ ಹೋಗುತ್ವೆ, ಸ್ನ್ಯಾಪ್‌ಶಾಟೂ ಹೋಗುತ್ತೆ. ಹಾಗಾಗಿ ವಾರಕ್ಕೊಮ್ಮೆ ಬೇರೆ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ ಮನೆಗೆ ಒಯ್ಯಲೇಬೇಕು. ನಮ್ಮ ಕರೆಂಟಿನ ಕಥೆ ಗೊತ್ತಲ್ಲ, ಯುಪಿಎಸ್ ಇಲ್ಲದೆ ಸರ್ವರ್ ಇಡಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಡೇಟಾ ಸರ್ವರ್‌ಗೆ ಹಾಕೋ ಮುಂಚೆ ಅದನ್ನು ಕೊಟ್ಟವರನ್ನೇ ಕೇಳಿ, ಹಲವರಿಗೆ ಒಟ್ಟಿಗೆ ಬಳಸೋಕೆ ಬೇರೆ ಲೈಸೆನ್ಸ್ ಬೇಕಾಗಬಹುದು. ಅದರೊಳಗಿನ ಬ್ಯಾಕಪ್ಪನ್ನೂ ನಿಲ್ಲಿಸಬೇಡಿ.

ಒಂದೇ ಕಂಪ್ಯೂಟರ್ ಇರೋ ಸಣ್ಣ ಕಿರಾಣಿ ಅಂಗಡಿಗೆ ಇದೆಲ್ಲ ಬೇಡ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ ನಕಲು ಇಟ್ಕೊಂಡ್ರೆ ಸಾಕು. ಮೂರ್ನಾಲ್ಕು ಕಂಪ್ಯೂಟರ್ ಇರೋ ಹಾರ್ಡ್‌ವೇರ್, ಬಟ್ಟೆ, ಗೊಬ್ಬರದ ಅಂಗಡಿಯವರು ಯೋಚನೆ ಮಾಡಬೇಕು.

ಆ ಹಾರ್ಡ್‌ವೇರ್ ಅಂಗಡಿಯವರು ಸಪ್ಲೈಯರ್‌ಗಳಿಗೆ ಫೋನ್ ಮಾಡಿ ಹೆಚ್ಚಿನ ಬಿಲ್‌ಗಳ ನಕಲು ತರಿಸ್ಕೊಂಡಿದ್ದಾರೆ. ಒಬ್ಬ ಸಪ್ಲೈಯರ್ ವ್ಯಾಪಾರವನ್ನೇ ಬಿಟ್ಟಿದ್ದಾರೆ. ಅವರ ನಾಲ್ಕು ಬಿಲ್ ಇನ್ನೂ ಸಿಕ್ಕಿಲ್ಲ.